ಬಿಸಿಯಾದ ಮೇಲೆ ಚೈನ್‌ಸಾ ನಿಂತುಹೋಗುತ್ತೆ: ರಿಪೇರಿ ಮಾಡಿಸ್ಲಾ, 50–60 ಸಿಸಿ ಹೊಸದು ತಗೊಳ್ಳಲಾ?

ಮದ್ದೂರು ತೋಟದವ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಹೆಸರೂ ಇಲ್ಲದ ಊರೂ ಇಲ್ಲದ ಒಂದು ‘58 ಸಿಸಿ’ ಚೈನ್‌ಸಾ ತಗೊಂಡಿದ್ದೆ. ತೆಂಗು, ಬೇವು, ಜಾಲಿ ಅಂತ ಕೊಯ್ಕೊಂಡು ನಡೀತಿತ್ತು. ಹೋದ ತಿಂಗಳು ಬಿರುಗಾಳಿಗೆ ಎರಡು ಅಡಿ ದಪ್ಪದ ಹುಣಸೆ ಉರುಳಿತು. ಅದಕ್ಕೆ ಹಾಕಿದಾಗಿನಿಂದ ಕಾಟ ಶುರು. ತಣ್ಣಗಿದ್ದಾಗ ಮೂರನೇ ಎಳೆತಕ್ಕೆ ಸ್ಟಾರ್ಟ್, ಹತ್ತು ನಿಮಿಷ ಕೆಲಸ, ಆಮೇಲೆ ರೇಸ್ ಕೊಟ್ಟರೆ ಉಸಿರುಗಟ್ಟಿದ ಹಾಗೆ ಕೂತುಬಿಡುತ್ತೆ. ಅರ್ಧ ಗಂಟೆ ನೆರಳಲ್ಲಿಟ್ಟರೆ ಮತ್ತೆ ಓಡುತ್ತೆ. ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ತೊಳೆದೆ, ಏನೂ ಪ್ರಯೋಜನ ಆಗಲಿಲ್ಲ.

ಮನೇಲಿ ‘ಒಂದು ಸಾರಿ ಒಳ್ಳೇದು ತಗೊಂಡುಬಿಡಿ’ ಅಂತಿದ್ದಾರೆ. ಸ್ಟಿಲ್ ಎಂಎಸ್ 261, ಎಂಎಸ್ 362, ಹಸ್ಕ್ವರ್ನಾ 550 ಎಕ್ಸ್‌ಪಿ, 562 ಎಕ್ಸ್‌ಪಿ, ಈ ನಾಲ್ಕರ ಹೆಸರು ತಲೇಲಿ ಸುತ್ತುತ್ತಿದೆ. ಯಾವುದು?

ನಂಜನಗೂಡು ಮೆಕ್ಯಾನಿಕ್

ಅಣ್ಣ, ಹೊಸದರ ಮಾತು ಆಮೇಲೆ. ಹಳೇದು ಯಾಕೆ ಸತ್ತಿತು ಅಂತ ಗೊತ್ತಾಗದೆ ಹೊಸದು ತಂದರೆ ಅದೂ ಅದೇ ದಾರಿ ಹಿಡಿಯುತ್ತೆ.

ಮುಂದಿನ ಸಲ ನಿಂತ ತಕ್ಷಣ ಪೆಟ್ರೋಲ್ ಮುಚ್ಚಳ ನಿಧಾನಕ್ಕೆ ತೆಗೀರಿ. ಗಾಳಿಯನ್ನು ಒಳಕ್ಕೆ ‘ಸುಸ್’ ಅಂತ ಎಳ್ಕೊಂಡು, ಆಮೇಲೆ ಸ್ಟಾರ್ಟ್ ಆದರೆ ಟ್ಯಾಂಕಿನ ಉಸಿರುನಳಿ ಕಟ್ಟಿದೆ ಅಂತ, ಐದು ನಿಮಿಷದ ಕೆಲಸ. ಸುಸ್ ಅನ್ನಲಿಲ್ಲ ಅಂದರೆ ಬಿಸಿ ಇರುವಾಗಲೇ ಪ್ಲಗ್ ಕಳಚಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕಿಡಿಗೆ ಕರೆಂಟ್ ಕೊಡೋ ಕಾಯಿಲ್ ಹೋಗಿದೆ. ಅದೂ ಸರಿ ಇದ್ರೆ ಪ್ಲಗ್ ವಾಪಸ್ ಹಾಕಿ, ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಗ್ಗದ ಹಿಡಿಯಲ್ಲೇ ಮಷಿನ್ನು ತೂಗುಹಾಕಿ. ಒಳಗೆ ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತಿಹಿಡಿಯೋ ಬಲ) ಇದ್ದರೆ ತಡೆದು ತಡೆದು ಇಳಿಯುತ್ತೆ. ಬಾವಿಗೆ ಬಿಟ್ಟ ಬಿಂದಿಗೆ ಥರ ಜರ್ರಂತ ಇಳಿದರೆ ಕಥೆ ಮುಗೀತು. ಕೊನೆಗೆ ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಕಿಂಡಿಯಿಂದ ಪಿಸ್ಟನ್ ಮೇಲೆ ಟಾರ್ಚ್ ಬಿಡಿ.

ಎಣ್ಣೆ ಎಷ್ಟು ಬೆರೆಸ್ತೀರಿ, ಪೆಟ್ರೋಲ್ ಎಷ್ಟು ದಿನದ್ದು, ಅದನ್ನೂ ಹೇಳಿ.

ಹುಣಸೂರು ಸೌದೆ

ಇಷ್ಟೆಲ್ಲಾ ಯಾಕೆ ಗುರು. ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ಗೆ ಸೌದೆ ಕೊಯ್ಯೋರು ನಾವು. 70 ಸಿಸಿದು ತಗೊಳ್ಳಿ, ಎಂಎಸ್ 382 ಥರದ್ದು. 72.2 ಸಿಸಿ, 3.9 ಕಿಲೋವ್ಯಾಟ್. ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರ್‌ಗೆ ಸ್ಕ್ರೂ ಇದೆ, ಯಾವ ಮೆಕ್ಯಾನಿಕ್ ಬೇಕಾದ್ರೂ ತಿರುಗಿಸ್ತಾನೆ. ಕಂಪ್ಯೂಟರ್ ಇರೋ ಮಷಿನ್ ಕಾಡಲ್ಲಿ ಕೈ ಕೊಟ್ರೆ ಯಾರನ್ನ ಕರೀತೀರಾ?

ಮದ್ದೂರು ತೋಟದವ

ಹೇಳಿದ ಕ್ರಮದಲ್ಲೇ ಮಾಡಿದೆ. ಮುಚ್ಚಳ ತೆಗೆದರೆ ಸದ್ದಿಲ್ಲ. ಕಿಡಿ ನೀಲಿಯಾಗಿ ಚೆನ್ನಾಗಿದೆ. ಹಗ್ಗದಲ್ಲಿ ತೂಗಿದೆ: ತಣ್ಣಗಿದ್ದಾಗ ಒಂದಿಷ್ಟು ತಡೀತು, ಬಿಸಿಯಲ್ಲಿ ಬಿಂದಿಗೇನೇ! ಸೈಲೆನ್ಸರ್ ಬಿಚ್ಚಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳು, ಬೆಕ್ಕು ಪರಚಿದ ಹಾಗೆ.

ಎಣ್ಣೆ ಲೀಟರ್‌ಗೆ 20 ಎಂಎಲ್, ಪ್ಯಾಕೆಟ್ ಮೇಲೆ ಬರೆದಷ್ಟೇ. ಪೆಟ್ರೋಲ್ ಹೈವೇ ಬಂಕಿನದ್ದು, ಕ್ಯಾನಲ್ಲಿ ಎರಡು ತಿಂಗಳು ಇತ್ತು ಅನ್ಸುತ್ತೆ.

ನಂಜನಗೂಡು ಮೆಕ್ಯಾನಿಕ್

ಎಕ್ಸಾಸ್ಟ್ ಕಡೆ ಉದ್ದ ಗೀರು ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿಯಾಗಿ ಓಡಿದೆ. ನಮ್ಮ ಬಾಯಲ್ಲಿ ‘ಲೀನ್ ಸೀಜ್’. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೇಲೇ ಎಣ್ಣೆ ಬರೋದು. ಒಂದು ಕಮ್ಮಿ ಆದರೆ ಇನ್ನೊಂದೂ ಕಮ್ಮಿ, ಮೇಲೆ ಬಿಸಿ ಬೇರೆ. ಗೀರು ಬಿದ್ದ ಪಿಸ್ಟನ್ ಬಿಸಿಯಲ್ಲಿ ಕಂಪ್ರೆಷನ್ ಬಿಡುತ್ತೆ, ತಣ್ಣಗಾದರೆ ಸ್ವಲ್ಪ ಹಿಡಿಯುತ್ತೆ. ನಿಮ್ಮ ಅರ್ಧ ಗಂಟೆ ನೆರಳಿನ ಗುಟ್ಟು ಇದೇ.

ಪೆಟ್ರೋಲ್ ಯಾಕೆ ಕಮ್ಮಿ ಆಯ್ತು? ಇನ್‌ಟೇಕ್ ರಬ್ಬರ್ ಸೀಳಿ ಗಾಳಿ ನುಗ್ಗಿರಬಹುದು, ಅದನ್ನ ಬಿಚ್ಚಿ ನೋಡಿ. ಆದರೆ ನನ್ನ ಬೆಂಚಿಗೆ ಬರುವ ಈ ಥರದ ಮಷಿನ್‌ಗಳಲ್ಲಿ ನನ್ನ ಮೊದಲ ಅನುಮಾನ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಮೇಲೆ. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಅದಕ್ಕೆ ಗಾಳಿ ಕಮ್ಮಿ ಸಾಕು. ಬರೀ ಪೆಟ್ರೋಲಿಗೆ ಕೂರಿಸಿದ ಸ್ಕ್ರೂ ಇ20ಗೆ ನೂರಕ್ಕೆ ಏಳೆಂಟು ಪಾಲು ಲೀನ್ ಆಗುತ್ತೆ. ಎರಡು ತಿಂಗಳು ಕ್ಯಾನಲ್ಲಿಟ್ಟರೆ ಅದು ನೀರನ್ನೂ ಹೀರ್ಕೊಳ್ಳುತ್ತೆ. ನಮ್ಮ ಕಬ್ಬು, ನಮ್ಮ ಎಥನಾಲ್, ಸುಟ್ಟಿದ್ದು ನಮ್ಮದೇ ಪಿಸ್ಟನ್. ಮಂಡ್ಯದವರು ಯಾರನ್ನ ಬೈಯೋದು ಹೇಳಿ.

ಬಂಕಿನ ಪೆಟ್ರೋಲ್‌ನಲ್ಲಿ ಎಷ್ಟಿದೆ ಅಂತ ಮನೇಲೇ ನೋಡಬಹುದು. 100 ಎಂಎಲ್ ಅಳತೆ ಸಿಲಿಂಡರ್‌ಗೆ 10 ಎಂಎಲ್ ನೀರು, ಮೇಲೆ 90 ಪೆಟ್ರೋಲ್. ಅಲ್ಲಾಡಿಸಿ ಇಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತೆ. ಕೆಳಗಿನ ಪದರ 28ರ ಹತ್ತಿರ ಬಂದರೆ 20 ಪರ್ಸೆಂಟ್. ಒಲೆ, ಬೀಡಿ ದೂರ ಇರಲಿ.

ಈಗ ನಿಮ್ಮ ನಾಲ್ಕು ಮಷಿನ್. 261 ಮತ್ತು 550 ಹೆಚ್ಚುಕಮ್ಮಿ ಅವಳಿಜವಳಿ: 50.2, 50.1 ಸಿಸಿ, ಎರಡೂ 3.0 ಕಿಲೋವ್ಯಾಟ್. ತೂಕ ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಬಿಟ್ಟು 261 ಸಿ-ಎಂಗೆ 4.9 ಕೆಜಿ, 550 ಮಾರ್ಕ್ 2ಗೆ 5.3. 362 ಮತ್ತು 562 ಇನ್ನೊಂದು ಜೋಡಿ: 59 ಸಿಸಿ, 59.8 ಸಿಸಿ, ಎರಡೂ 3.5 ಕಿಲೋವ್ಯಾಟ್. ಕಾಗದದ ಮೇಲೆ ನೋಡಿ ಆರಿಸೋಕೆ ಏನೂ ಇಲ್ಲ.

ಒಂದು ಮೋಸ ಮಾತ್ರ ಹೋಗಬೇಡಿ. ಬರೀ ಸಿಸಿ ನೋಡಬೇಡಿ. ಎಂಎಸ್ 271 ಕೂಡ 50.2 ಸಿಸಿನೇ, ಆದರೆ 2.6 ಕಿಲೋವ್ಯಾಟ್, 5.6 ಕೆಜಿ. ಅದೇ ಸಿಸಿ, ಶಕ್ತಿ ಕಮ್ಮಿ, ಭಾರ ಜಾಸ್ತಿ. 261ರ ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ, ಸಿಲಿಂಡರ್ ಬೇರೆಯಾಗಿ ಬೋಲ್ಟ್ ಹಾಕಿರ್ತಾರೆ, ಅದೊಂದನ್ನೇ ಬದಲಾಯಿಸಬಹುದು. ನಿಮ್ಮ ‘58’ನ ಬೋರ್ ಅಳೆದು ನೋಡಿ, 45.2 ಮಿಮೀ ಬೋರ್ (ಸಿಲಿಂಡರಿನ ಒಳ ಅಗಲ), 34 ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಇದ್ರೆ ಲೆಕ್ಕಕ್ಕೆ 54.6 ಸಿಸಿ ಬರುತ್ತೆ. ಡಬ್ಬದ ಮೇಲಿನ ಅಂಕಿ ಬೇರೆ, ಒಳಗಿನ ಸರಕು ಬೇರೆ.

ನಮ್ಮ ಕಡೆಗೆ ನನಗೆ ಮುಖ್ಯ ಅನ್ಸೋದು ಬಣ್ಣವೂ ಅಲ್ಲ, ಸಿಸಿಯೂ ಅಲ್ಲ, ಕೈಪಿಡಿಯ ಇಂಧನದ ಪುಟ. ಸ್ಟಿಲ್ ತನ್ನ ಎಂ-ಟ್ರಾನಿಕ್ (ಪೆಟ್ರೋಲ್ ಅಳತೆಯನ್ನ ಕಂಪ್ಯೂಟರೇ ಸರಿಮಾಡೋ, ಹೆಸರಲ್ಲಿ ‘ಸಿ-ಎಂ’ ಇರೋ) ಎಂಜಿನ್‌ಗಳಿಗೆ 27 ಪರ್ಸೆಂಟ್ ಎಥನಾಲ್‌ವರೆಗೂ ಪೂರ್ತಿ ಶಕ್ತಿ ಸಿಗುತ್ತೆ ಅಂತ ಬರೆದಿದೆ. ಸ್ಕ್ರೂ ಕಾರ್ಬ್ಯುರೇಟರ್‌ನ ತನ್ನದೇ ಎಂಜಿನ್‌ಗಳಿಗೆ 10ರ ಮೇಲೆ ಬೇಡ ಅಂತದೆ. ಹಸ್ಕ್ವರ್ನಾ ಕೈಪಿಡಿಯೂ 10ಕ್ಕೇ ನಿಲ್ಲಿಸುತ್ತೆ, ಅದೇ ಥರ ತಾನೇ ಸರಿಮಾಡೋ ಆಟೋಟ್ಯೂನ್ ಇದ್ರೂ. ಹಸ್ಕ್ವರ್ನಾ ಕೆಟ್ಟದ್ದು ಅಂತಲ್ಲ, 550ರ ಕೈಹಿಡಿತ ನನಗೇ ಇಷ್ಟ. ಆದರೆ ಬಂಕಲ್ಲಿ ಸಿಗೋದು ಇ20 ಅಂದಾಗ ನಾನು ಹೆಸರಿನ ಕೊನೇಲಿ ‘ಸಿ-ಎಂ’ ಇದೆಯಾ ಅಂತ ನೋಡಿ ತಗೊಳ್ತೀನಿ.

ಹುಣಸೂರು ಸೌದೆ

ಒಪ್ಪಲ್ಲ. ನಾನು ಇ20 ಹಾಕಿನೇ ಸ್ಕ್ರೂ ಮಷಿನ್ ಓಡಿಸ್ತಿದೀನಿ. ಫುಲ್ ರೇಸ್ ಪೆಟ್ರೋಲ್ ಅಳತೆಯ ‘ಎಚ್’ ಸ್ಕ್ರೂ ಕೂದಲೆಳೆಯಷ್ಟು ತೆರೆದು ಕಿವಿ ಕೊಡಬೇಕು. ಮರದಿಂದ ಎತ್ತಿ ಫುಲ್ ರೇಸ್ ಕೊಟ್ರೆ ಗುರ್‌ಗುರ್ ಅಂತ ತೊದಲಬೇಕು, ಮರಕ್ಕೆ ಇಟ್ಟ ತಕ್ಷಣ ತೊದಲು ಹೋಗಿ ಸದ್ದು ನೆಟ್ಟಗಾಗಬೇಕು. ಹೊರಗೂ ಕಿರ್ರ್ ಅಂತ ಒಂದೇ ಸಮ ಕಿರುಚಿದರೆ ಲೀನ್. ಇಷ್ಟು ಗೊತ್ತಿದ್ರೆ ಸಾಕು.

ನಂಜನಗೂಡು ಮೆಕ್ಯಾನಿಕ್

ನಿಮ್ಮ ಕಿವಿಗೆ ನಮಸ್ಕಾರ. ಆ ಕಿವಿ ಇರೋರಿಗೆ ಸ್ಕ್ರೂ ಮಷಿನ್ನೇ ಸರಿ. ಕೈಪಿಡಿ ಒಪ್ಪದ ಪೆಟ್ರೋಲ್ ಹಾಕಿ ಕೆಟ್ಟರೆ ವಾರಂಟಿ ಕೇಳೋಕೆ ಮಾತ್ರ ಬಾಯಿ ಇರಲ್ಲ. ಮದ್ದೂರಿನವರು ವರ್ಷಕ್ಕೆ ಇಪ್ಪತ್ತು ದಿನ ಕೊಯ್ಯೋರು, ಅವರಿಗೆ ಆ ಸಂಗೀತಪಾಠ ಯಾಕೆ?

ಕೆ.ಆರ್. ಪೇಟೆ ತೆಂಗು

ಎಂಜಿನ್ ಜಗಳದಲ್ಲಿ ಯಾರೂ ಚೈನ್ ಬಗ್ಗೆ ಮಾತೇ ಆಡಲಿಲ್ಲ. ಮೊಂಡು ಚೈನ್ ಇದ್ರೆ 50 ಆದ್ರೇನು 70 ಆದ್ರೇನು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅಂತಾರೆ. ಮುಪ್ಪಾದ ಹುಣಸೆಯ ಚೇಗು ಅಷ್ಟೇ ಹಟಮಾರಿ. ಕೊಯ್ವಾಗ ಅವಲಕ್ಕಿ ಥರ ಚಕ್ಕೆ ಹಾರಬೇಕು. ರಾಗಿಹಿಟ್ಟಿನ ಥರ ಪುಡಿ ಬಂದರೆ ನಿಲ್ಲಿಸಿ ಅರ ಹಾಕಿ. ಪುಡಿ ಬರ್ತಿದ್ರೂ ಒತ್ತಿ ಒತ್ತಿ ಕೊಯ್ಯೋರೇ ಎಂಜಿನ್ ಸುಡೋದು.

ತೆಂಗಿನ ಬುಡ ಇನ್ನೂ ಪಾಪಿ. ಹೊರಗಿನ ನಾರು ಕಬ್ಬಿಣ, ಸಂದೀಲಿ ಮಣ್ಣು ಮರಳು. ಪೂರ್ತಿ ಚೂಪು ಮೂಲೆಯ ಫುಲ್ ಚಿಸಲ್ ಹಲ್ಲು ಅಲ್ಲಿ ನಾಲ್ಕು ತುಂಡಿಗೆ ಹೋಗುತ್ತೆ. ಮೂಲೆ ದುಂಡಾಗಿರೋ ಸೆಮಿ ಚಿಸಲ್ ತಗೊಳ್ಳಿ, ಸ್ವಲ್ಪ ನಿಧಾನ, ಆದ್ರೆ ಚೂಪು ಉಳಿಯುತ್ತೆ. 0.325 ಇಂಚು ಪಿಚ್ (ಚೈನ್ ಕೊಂಡಿಗಳ ಅಂತರ)‌ಗೆ 4.8 ಮಿಮೀ ಅರ, 3/8ಕ್ಕೆ 5.2. ಹಲ್ಲಿನ ಮುಂದಿನ ಗುಬಟು ಹಲ್ಲಿನ ತುದಿಗಿಂತ 0.65 ಮಿಮೀ ಕೆಳಗಿರಬೇಕು, ಗೇಜ್ ಇಟ್ಟು ನೋಡಿ, ಕಣ್ಣಂದಾಜಲ್ಲಿ ಉಜ್ಜಬೇಡಿ.

ಬಾರ್‌ಗೆ ಟ್ರ್ಯಾಕ್ಟರ್‌ನ ಸುಟ್ಟ ಆಯಿಲ್ ಹಾಕ್ತಿದ್ರೆ ಬಿಟ್ಟುಬಿಡಿ. ಅದರಲ್ಲಿರೋ ಲೋಹದ ಪುಡಿ ಪಂಪನ್ನೂ ತಿನ್ನುತ್ತೆ, ಬಾರನ್ನೂ ತಿನ್ನುತ್ತೆ.

ಮದ್ದೂರು ತೋಟದವ

ಮಗಳ ಕಾಲೇಜ್ ಲ್ಯಾಬಿಂದ ಸಿಲಿಂಡರ್ ತರಿಸಿ ನೋಡಿದೆ. ಕೆಳಗಿನ ಪದರ 27 ದಾಟಿತು. ರಬ್ಬರ್ ಬಿಚ್ಚಿದೆ, ಸೀಳಿಲ್ಲ. ಸುಟ್ಟ ಆಯಿಲ್ ವಿಷಯ... ಹೌದು, ಅದನ್ನೇ ಹಾಕ್ತಿದ್ದೆ.

ಹಾಗಾದ್ರೆ 261 ಸಿ-ಎಂ ಅಥವಾ 362 ಸಿ-ಎಂ. ಎರಡು ಅಡಿ ಹುಣಸೆಗೆ 261 ಸಾಲುತ್ತಾ?

ನಂಜನಗೂಡು ಮೆಕ್ಯಾನಿಕ್

ಆ ಹುಣಸೆ ವರ್ಷಕ್ಕೊಂದು ಬರೋದು, ತೆಂಗು ಬೇವು ದಿನಾ ಬರೋದು. 261ಕ್ಕೆ 16 ಇಂಚಿನ ಬಾರ್ ಹಾಕಿ, ದಪ್ಪ ಕಾಂಡವನ್ನ ಎರಡೂ ಕಡೆಯಿಂದ ಕೊಯ್ಯಿರಿ. ನಿಧಾನ ಆಗುತ್ತೆ ಅಷ್ಟೇ. ಬಾಡಿಗೆಗೂ ಓಡಿಸ್ತೀನಿ, ದಿನಾ ದೊಡ್ಡ ಮರ ಅಂದ್ರೆ 362, 18 ಇಂಚು. ಡೀಲರ್ ಹತ್ರ ಇರೋದು ಸಿ-ಎಂ ಹೌದಾ ಅಂತ ಪ್ಲೇಟ್ ಓದಿಸಿ ನೋಡಿ, ಸಾದಾ ಕಾರ್ಬ್ಯುರೇಟರ್‌ನದ್ದೂ ಬರುತ್ತೆ. ಕಾರ್ಬ್ಯುರೇಟರ್ ಪರೀಕ್ಷೆ ಮಾಡೋ ಉಪಕರಣ ಅವರ ಹತ್ರ ಇದೆಯಾ ಅಂತಲೂ ಕೇಳಿ. ಇಲ್ಲ ಅಂದ್ರೆ ಹುಣಸೂರಿನವರ ಮಾತೇ ಗೆಲ್ಲುತ್ತೆ.

ಪೆಟ್ರೋಲ್ ಒಂದೊಂದೇ ಲೀಟರ್ ಬೆರೆಸಿ, ತಿಂಗಳೊಳಗೆ ಮುಗಿಸಿ. ಇಡೋ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ನಿಲ್ಲೋವರೆಗೂ ಓಡಿಸಿ. ಮತ್ತೆ, ಫೋಟೋದಲ್ಲಿ ನಿಮ್ಮ ಕಾಲಲ್ಲಿ ಹವಾಯಿ ಚಪ್ಪಲಿ ಕಾಣ್ತು. ಬೂಟು ಹೆಲ್ಮೆಟ್ಟು ಮಷಿನ್ ಬಿಲ್ಲಲ್ಲೇ ಸೇರಿಸ್ಕೊಳ್ಳಿ.

ಕೆ.ಆರ್. ಪೇಟೆ ತೆಂಗು

ನಿಂತಿರೋ ಹುಣಸೆ ಕಡಿಯೋ ಹಾಗಿದ್ರೆ ಅರಣ್ಯ ಇಲಾಖೆಗೆ ಮೊದಲೇ ಅರ್ಜಿ ಹಾಕಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ, ಹುಣಸೆಗಿಲ್ಲ.

ಮದ್ದೂರು ತೋಟದವ

ಬೇಲಿ ಪಕ್ಕ ಒಣಗಿ ನಿಂತಿರೋ ಇನ್ನೊಂದಕ್ಕೆ ಅರ್ಜಿ ಕೊಟ್ಟು ಮೂರು ವಾರ ಆಯ್ತು. ನಾಳೆ ಮೈಸೂರಿಗೆ ಹೋಗಿ 261 ಕೈಯಲ್ಲಿ ಹಿಡಿದು ನೋಡ್ತೀನಿ, ಪ್ಲೇಟಿನ ಫೋಟೋ ಇಲ್ಲೇ ಹಾಕ್ತೀನಿ. ಹಳೇದರ ಬಾರ್ ಮತ್ತು ಎರಡು ಚೈನ್ ಯಾರಿಗಾದ್ರೂ ಬೇಕಿದ್ರೆ ಹೇಳಿ, ಸುಮ್ಮನೆ ಕೊಡ್ತೀನಿ.