‘ಒಮಕಸೆ’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಪದದ ವಿಚಾರ ಕೇಳಬೇಕಿತ್ತು.

ಜಪಾನ್ ಪ್ರವಾಸದಲ್ಲಿ ನಾನೂ ನನ್ನ ಭಾವನೂ ಕ್ಯೋಟೋದ ದುಬಾರಿ ಹೋಟೆಲೊಂದರಲ್ಲಿ ಒಂದು ರಾತ್ರಿ ಉಂಡೆವು. ಅದನ್ನು ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತಡೆ. ಅಲ್ಲಿ ಮೆನು ಇಲ್ಲ. ಮರದ ಕೌಂಟರಿನ ಈಚೆ ಎಂಟೇ ಕುರ್ಚಿ, ಆಚೆ ಬಾಣಸಿಗರು. ಅವರು ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲೇ ಉಣ್ಣಬೇಕು. ಈ ಏರ್ಪಾಟಿನ ಹೆಸರೇ ಒಮಕಸೆ. (ಎಲ್ಲ ಅಕ್ಷರವೂ ಹ್ರಸ್ವ. ‘ಒಮಾಕಾಸೆ’ ಎಂದು ಎಳೆಯುವುದು ರೋಮನ್ ಲಿಪಿಯಲ್ಲಿ ಓದಿದವರ ಚಾಳಿ. ನಾನೂ ಹಾಗೇ ಎಳೆದಿದ್ದೆ.)

‘ಬಾಣಸಿಗರ ಆಯ್ಕೆ’ ಎಂದರೆ ಸಾಲದೇ ಎಂದು ಕೇಳಬಹುದು. ನನಗೆ ಸಾಲದು. ಒಮಕಸೆಯ ಬೇರು ‘ಮಕಸೆರು’, ಅಂದರೆ ಇನ್ನೊಬ್ಬರಿಗೆ ವಹಿಸಿಕೊಡುವುದು. ಮೊದಲಿಗೆ ಬರುವ ‘ಒ’ ಗೌರವಕ್ಕೆ. ‘ಒಮಕಸೆ ಶಿಮಸು’ ಎನ್ನುವವನು ಉಣ್ಣುವವನು. ಆಯ್ಕೆ ಎಂದ ಕೂಡಲೇ ಮಾತು ಅಡುಗೆಯವನ ಕಡೆಗೆ ಹೋಗಿಬಿಡುತ್ತದೆ, ಅತಿಥಿ ಸುಮ್ಮನೆ ಬಾಯಿ ತೆರೆದು ಕೂತಂತಾಗುತ್ತದೆ.

‘ಒಪ್ಪಿಸಿದ ಊಟ’ ಎಂದು ಬರೆದು ನೋಡಿದೆ. ನಮ್ಮಲ್ಲಿ ಒಪ್ಪಿಸುವುದು ಮಗ್ಗಿಯನ್ನು, ಇಲ್ಲವೇ ಕಳ್ಳನನ್ನು ಪೊಲೀಸರಿಗೆ. ಹೊಡೆದುಹಾಕಿದೆ. ‘ನಂಬಿಕೆಯೂಟ’ ಕೇಳಲು ಚೆಂದ, ಆದರೆ ಯಾರೂ ಬಾಯಲ್ಲಿ ಆಡುವ ಮಾತಲ್ಲ. ಕೊನೆಗೆ ಉಳಿದದ್ದು ‘ನಿಮಗೆ ಬಿಟ್ಟದ್ದು’. ಅರ್ಥ ಸರಿಯಾಗಿ ಕೂರುತ್ತದೆ, ತೊಡಕಿರುವುದು ದನಿಯಲ್ಲಿ. ‘ಎಲ್ಲ ನಿಮಗೇ ಬಿಟ್ಟಿದ್ದೇನೆ’ ಎಂದರೆ ಭರವಸೆ. ‘ಅದು ನಿಮಗೆ ಬಿಟ್ಟದ್ದು’ ಎಂದರೆ ಏನಾದರೂ ಮಾಡಿಕೊಳ್ಳಿ, ನನ್ನನ್ನು ಕೇಳಬೇಡಿ ಎಂಬ ಕೈಕೊಡವಿಕೆ. ಬರಹದಲ್ಲಿ ಈ ಎರಡನ್ನು ಬೇರ್ಪಡಿಸುವುದು ಹೇಗೆ? ನನ್ನ ಮುಖ್ಯ ಪ್ರಶ್ನೆ ಇದೇ.

ಪೂರ್ತಿ ಬಿಟ್ಟುಕೊಡುವುದೂ ಅಲ್ಲ ಅದು. ಜಾಗ ಕಾದಿರಿಸುವಾಗಲೇ ಏನು ತಿನ್ನುವುದಿಲ್ಲ ಎಂದು ಕೇಳಿದ್ದರು. ಭಾವ ಮಾಂಸ, ಮೀನು ಮುಟ್ಟುವವರಲ್ಲ, ಹಾಗೆಂದು ಬರೆದೆವು. ಮರುದಿನವೇ ಮರುಪ್ರಶ್ನೆ ಬಂತು: ದಶಿಯೂ ಬೇಡವೇ? ದಶಿ ಎಂದರೆ ಅಲ್ಲಿನ ಬಹುಪಾಲು ಅಡುಗೆಗಳ ತಳದಲ್ಲಿರುವ ತಿಳಿ. ಕೊಂಬು ಎಂಬ ಕಡಲಪಾಚಿಯಿಂದಲೂ ಒಣಗಿಸಿ ಹೊಗೆಯಾಡಿಸಿದ ಮೀನಿನ ತೆಳು ಹೆರಕಲಿನಿಂದಲೂ ತೆಗೆಯುತ್ತಾರೆ. ಕಣ್ಣಿಗೆ ಬರಿಯ ತರಕಾರಿಯಂತೆ ಕಾಣುವ ಬಟ್ಟಲಲ್ಲೂ ಮೀನಿನ ಸಾರ ಇರುತ್ತದೆ. ಭಾವನಿಗೆ ಕೊಂಬು, ಒಣ ಶಿಟಾಕೆ ಅಣಬೆಯ ದಶಿಯಲ್ಲೇ ಎಲ್ಲ ಮಾಡಿಕೊಟ್ಟರು. ಒಟ್ಟಿನಲ್ಲಿ ನಾವು ಹೇಳಿದ್ದು, ಮೀನು ಬಿಟ್ಟು ಉಳಿದದ್ದೆಲ್ಲ ನಿಮಗೆ ಬಿಟ್ಟದ್ದು. ಒಂದೇ ವಾಕ್ಯದಲ್ಲಿ ಎರಡು ‘ಬಿಡು’ ಕೂತದ್ದು ನೋಡಿ ಖುಷಿಯಾಯಿತು, ಪದ ಮಾತ್ರ ಸಿಗಲಿಲ್ಲ.

ಇನ್ನೊಂದು, ಊಟಕ್ಕೆ ಮುಂಚೆ ಕೈ ಜೋಡಿಸಿ ಅನ್ನುವ ‘ಇತದಕಿಮಸು’. ಇದನ್ನು ‘ಊಟ ಶುರು ಮಾಡೋಣ’ ಎಂದು ಕನ್ನಡಿಸಿದ್ದನ್ನು ಕಂಡಿದ್ದೇನೆ, ಸಪ್ಪೆ. ‘ಇತದಕಿ’ ಎಂದರೆ ಶಿಖರ, ನೆತ್ತಿ. ‘ಇತದಕು’ ಎಂದರೆ ತಲೆಯ ಮೇಲಿಟ್ಟುಕೊಳ್ಳುವುದು, ಅಲ್ಲಿಂದ ಮುಂದೆ ವಿನಯದಿಂದ ಪಡೆಯುವುದು. ನಮ್ಮ ‘ಶಿರಸಾವಹಿಸು’ ಅಂಗೈಯಲ್ಲೇ ಇದೆಯಲ್ಲ! ಆದರೆ ನಾವು ಶಿರಸಾವಹಿಸುವುದು ಅಪ್ಪಣೆಯನ್ನು, ಅನ್ನವನ್ನಲ್ಲ. ‘ಕಣ್ಣಿಗೊತ್ತಿಕೊಳ್ಳು’ ಹತ್ತಿರ ಬರುತ್ತದೆ, ಅದಕ್ಕೆ ಪ್ರಸಾದದ ವಾಸನೆ. ತಮಾಷೆಯೆಂದರೆ ಅಡುಗೆಯವರಿಗೆ ಊಟ ‘ವಹಿಸು’ವವರು ನಾವೇ, ಬಂದದ್ದನ್ನು ಶಿರಸಾ‘ವಹಿಸು’ವವರೂ ನಾವೇ. ಈ ಜೋಡಿಯನ್ನು ಹೇಗಾದರೂ ಬಳಸಿಕೊಳ್ಳುವ ಆಸೆ ನನಗೆ.

ಉಂಡು ಏಳುವಾಗ ಹೇಳುವ ‘ಗೊಚಿಸೋಸಮ’ದ ಬಗ್ಗೆ ನನಗೆ ಚಿಂತೆಯಿಲ್ಲ. ಅದರ ನಡುವಿನ ‘ಚಿಸೋ’ವನ್ನು ಬರೆಯುವ ಎರಡು ಲಿಪಿಚಿಹ್ನೆಗಳ ಅರ್ಥವೂ ಓಟವೇ: ಅತಿಥಿಗಾಗಿ ಅತ್ತಿತ್ತ ಓಡಿ ಸಾಮಾನು ಹೊಂದಿಸಿದ್ದು. ‘ನಮಗಾಗಿ ಬಹಳ ಓಡಾಡಿದಿರಿ’ ಎಂದರೆ ಕನ್ನಡದವರಿಗೆ ವಿವರಣೆಯೇ ಬೇಡ.

ಒಂದಾದ ಮೇಲೊಂದು ಬಗೆ ಬಡಿಸುವ ಜಪಾನಿ ಊಟದ ಹೆಸರು ‘ಕೈಸೆಕಿ’ಯನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ಉಚ್ಚಾರ ಒಂದೇ, ಬರವಣಿಗೆ ಎರಡು. ಒಂದಕ್ಕೆ ‘ಮಡಿಲ ಕಲ್ಲು’ ಎಂಬರ್ಥ: ಹಸಿವು ತಡೆಯಲು ಜೆನ್ ಭಿಕ್ಷುಗಳು ಬಿಸಿ ಕಲ್ಲನ್ನು ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದರಂತೆ, ಚಹಾಕೂಟದ ಮಿತವಾದ ಊಟ ಇದು, ಅನ್ನ ಮೊದಲಲ್ಲೇ ಬರುತ್ತದೆ. ಇನ್ನೊಂದು ‘ಕೂಟದ ಆಸನ’, ‘ಸಾಕೆ’ ಎಂಬ ಅಕ್ಕಿಮದ್ಯದ ಜೊತೆಗಿನ ಔತಣ, ಅನ್ನ ಬರುವುದು ಕೊನೆಗೆ. ನಮಗೆ ಅನ್ನ ಕೊನೆಗೇ ಬಂದದ್ದರಿಂದ ನಾವು ಉಂಡದ್ದು ಎರಡನೆಯದು ಎಂದು ಲೆಕ್ಕ ಹಾಕಿದ್ದೇನೆ. ‘ಕೈ’, ‘ಸೆಕೆ’ ಎಂದು ಒಡೆದು ಬಿಸಿಕಲ್ಲಿಗೂ ಕನ್ನಡಕ್ಕೂ ನಂಟು ಹೂಡಿದವರು ಭಾವ. ಅವರು ಸಾಕೆ ಕುಡಿದಿದ್ದರು, ಮನ್ನಿಸಿ.

ಆದ್ದರಿಂದ ಒಮಕಸೆಗೆ ಒಂದು ಪದ ಬೇಕು, ನಾಮಪದವಾದರೆ ಒಳ್ಳೆಯದು. ಮದುವೆಯ ಅಡುಗೆಯನ್ನೋ ಮನೆ ಕಟ್ಟುವ ಕೆಲಸವನ್ನೋ ಗೊತ್ತಿದ್ದವರಿಗೆ ಪೂರ್ತಿ ವಹಿಸಿ ಕೈಕಟ್ಟಿ ಕೂರುವುದಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ ಹೆಸರಿದ್ದರೆ ತಿಳಿಸಿ. ಹೊಸದಾಗಿ ಟಂಕಿಸಿದ ಸಂಸ್ಕೃತ ಸಮಾಸಗಳು ಬೇಡ. ಅಂಥವು ನನ್ನ ಬಳಿಯೇ ಆರಿವೆ.