ಮಗನ ಅಮಲು: ಕಂಡವರು, ದಾಟಿದವರು ಬರೆದದ್ದು

ಕೇಳಿದವರು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ತಾಯಿ

ನನ್ನ ಮಗನಿಗೆ 19 ವರ್ಷ, ಪದವಿಯ ಎರಡನೆಯ ವರ್ಷದಲ್ಲಿದ್ದಾನೆ. ಕಳೆದ ಮಳೆಗಾಲದಿಂದ ಅವನು ಮೊದಲಿನಂತಿಲ್ಲ. ಎರಡು ರಾತ್ರಿ ಕಣ್ಣು ಮುಚ್ಚದೆ ಹಳೆಯ ಮೊಬೈಲು, ಟಾರ್ಚುಗಳನ್ನು ಬಿಚ್ಚಿ ಜೋಡಿಸುತ್ತ ಕುಳಿತಿರುತ್ತಾನೆ, ಮೂರನೆಯ ದಿನ ಊಟಕ್ಕೂ ಏಳದೆ ಮಲಗಿರುತ್ತಾನೆ. ತುಂಬ ಇಳಿದುಹೋಗಿದ್ದಾನೆ. ಅವನ ಬ್ಯಾಗಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಜಿಪ್ ಲಕೋಟೆಯೂ ಮಸಿ ಹಿಡಿದ ಗಾಜಿನ ಕೊಳವೆಯೂ ಸಿಕ್ಕಿದವು. ಕೇಳಿದರೆ ಬೇಕಾದಾಗ ಬಿಡುತ್ತೇನೆ ಎನ್ನುತ್ತಾನೆ. ಅಣ್ಣ ಕೊಲ್ಲಿ ದೇಶಕ್ಕೆ ಕಳುಹಿಸು ಎನ್ನುತ್ತಾರೆ, ಅತ್ತೆ ಹರಕೆ ಹೇಳಿಕೊಂಡಿದ್ದಾರೆ, ನೆರೆಯವರು ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ಇದು ಹೇಗೆ ಅಂಟಿಕೊಳ್ಳುತ್ತದೆ, ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತದೆ, ನಾನು ಮೊದಲು ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉಪ್ಪಳದ ಯುವಕ, ಬಿಟ್ಟು ನಾಲ್ಕು ವರ್ಷವಾಯಿತು

ಅಮ್ಮಾ, "ಬೇಕಾದಾಗ ಬಿಡುತ್ತೇನೆ" ಎಂಬುದನ್ನು ನಿಮ್ಮನ್ನು ವಂಚಿಸಲು ಹೇಳಿದ ಮಾತೆಂದು ತಿಳಿಯಬೇಡಿ. ನಾನೂ ಅದನ್ನೇ ಹೇಳುತ್ತಿದ್ದೆ, ಹೇಳುವಾಗ ಪೂರ್ಣವಾಗಿ ನಂಬಿದ್ದೆ. ಆರಂಭದಲ್ಲಿ ಅದು ನಿಜವೂ ಆಗಿತ್ತು. ಯಾವ ದಿನದಿಂದ ಸುಳ್ಳಾಯಿತೆಂದು ಇಂದಿಗೂ ನನಗೆ ಹೇಳಲಾಗದು.

ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪ್ಲಸ್ ಟುವಿಗೆ ಹೋದಾಗ ತರಗತಿಯ ಮಾತೆಲ್ಲ ಮಲಯಾಳದಲ್ಲಿ ನಡೆಯುತ್ತಿತ್ತು. ಅರ್ಥವಾಗುತ್ತಿದ್ದರೂ ಬಾಯಿ ತೆರೆಯಲು ಹಿಂಜರಿಕೆ. ಮೊದಲು ಮೈದಾನದ ಬದಿಯಲ್ಲಿ ಗಾಂಜಾ, ಪದವಿಗೆ ಸೇರಿದ ಮೇಲೆ ಒಂದು ರಾತ್ರಿ ಗೆಳೆಯನ ಕಾರಿನಲ್ಲಿ ಹರಳಿನ ರೂಪದ ಮಾದಕ. ಆ ರಾತ್ರಿ ನಾನು ಬೆಳಗಿನವರೆಗೆ ಮಲಯಾಳದಲ್ಲಿ ನಿರರ್ಗಳವಾಗಿ ಮಾತನಾಡಿದೆ. ಹಸಿವಿಲ್ಲ, ನಿದ್ದೆಯಿಲ್ಲ, ಅಂಜಿಕೆಯಂತೂ ಇಲ್ಲವೇ ಇಲ್ಲ. ಕೆಟ್ಟ ಸಹವಾಸವೆಂದು ಎಲ್ಲರೂ ಹೇಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಆ ಸಹವಾಸದಲ್ಲಿ ನನಗೆ ಸಿಕ್ಕಿದ್ದೇನು ಎಂದು ಯಾರೂ ಕೇಳಲಿಲ್ಲ. ನಿಮ್ಮ ಮಗನನ್ನು ಒಮ್ಮೆ, ಅವನು ನಿದ್ದೆ ಮಾಡಿ ಎದ್ದು ಶಾಂತನಾಗಿರುವ ಹೊತ್ತಿನಲ್ಲಿ, ಅದನ್ನು ಕೇಳಿ.

ಮೊದಲು ತಿಂಗಳಿಗೊಂದು ಶನಿವಾರ, ಮುಂದೆ ಪ್ರತಿ ಶನಿವಾರ, ಆಮೇಲೆ ಶನಿವಾರದ ಸುಸ್ತು ಕಳೆಯಲೆಂದು ಬುಧವಾರ. ಅದೇ ಪ್ರಮಾಣಕ್ಕೆ ಅದೇ ಸುಖ ಸಿಗದಾದಾಗ ಪ್ರಮಾಣ ಏರಿತು. ಎಂಟು ತಿಂಗಳಾಗುವ ಹೊತ್ತಿಗೆ ಸುಖವೆಂಬುದು ಹೊರಟೇಹೋಗಿತ್ತು, ಹಾಸಿಗೆಯಿಂದ ಎದ್ದು ಹಲ್ಲುಜ್ಜಲು ಬೇಕಾದ ಚೈತನ್ಯಕ್ಕಾಗಿ ಮಾತ್ರ ಅದು ಬೇಕಾಗಿತ್ತು. ಚಿಕ್ಕಂದಿನಿಂದ ಬೆಳಗಿನವರೆಗೆ ಯಕ್ಷಗಾನ ನೋಡಿದ ಹುಡುಗ ನಾನು. ಆ ವರ್ಷ ನಮ್ಮೂರಿನ ಬಯಲಾಟದಲ್ಲಿ ಚೆಂಡೆಯ ಪೆಟ್ಟು ಬಿದ್ದಾಗ ನನ್ನೊಳಗೆ ಏನೂ ಆಗಲಿಲ್ಲ. ಅಂದು ನನಗೆ ಭಯವಾಯಿತು.

ಬಿಟ್ಟ ಮೇಲೆ ಎರಡು ಬಾರಿ ಮರಳಿ ಬಿದ್ದಿದ್ದೇನೆ. ಒಂಬತ್ತು ತಿಂಗಳು ದೂರವಿದ್ದವನು ಯಾರೋ ಸಿಗರೇಟಿಗೆ ಲೈಟರು ಉಜ್ಜಿದ ಸದ್ದಿಗೆ ಬಾಯಲ್ಲಿ ನೀರೂರಿ, ಎದೆ ಹೊಡೆದುಕೊಂಡು, ಅದೇ ಸಂಜೆ ಹಳೆಯ ನಂಬರಿಗೆ ಕರೆ ಮಾಡಿದೆ. ಆಗ ಅಮ್ಮ ಬೈಯದೆ ಮರುದಿನವೇ ವೈದ್ಯರಲ್ಲಿಗೆ ಕರೆದುಕೊಂಡು ಹೋದದ್ದರಿಂದ ಆ ಬೀಳುವಿಕೆ ನಾಲ್ಕು ದಿನಕ್ಕೆ ನಿಂತಿತು. ಮೊದಲನೆಯದು ಐದು ತಿಂಗಳು ನಡೆದಿತ್ತು.

ಕಾಸರಗೋಡಿನವಳು, ಮಂಗಳೂರಿನ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಶುಶ್ರೂಷಕಿ

ಅಕ್ಕಾ, ಮೇಲಿನ ತಮ್ಮ ಬರೆದುದರ ಹಿಂದಿರುವ ಕಾರಣವನ್ನು ತಿಳಿದಷ್ಟು ವಿವರಿಸುತ್ತೇನೆ. ಹಸಿದಾಗ ಉಣ್ಣುವುದು, ಪ್ರೀತಿಪಾತ್ರರನ್ನು ಕಾಣುವುದು ಮುಂತಾದ, ಬದುಕಿಗೆ ಬೇಕಾದ ಕೆಲಸಗಳನ್ನು ನಾವು ಮತ್ತೆ ಮತ್ತೆ ಮಾಡುವಂತೆ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ನೋಡಿಕೊಳ್ಳುತ್ತದೆ. ಮೆಥಾಂಫೆಟಮಿನ್‌ನಂಥ ಉತ್ತೇಜಕಗಳು, ಅಂದರೆ ನಿದ್ದೆ, ಹಸಿವು ಮರೆಸಿ ಚುರುಕು ತರುವ ಮಾದಕಗಳು, ನರಕೋಶಗಳ ತುದಿಯನ್ನು ಹೊಕ್ಕು, ಅಲ್ಲಿ ಕೂಡಿಟ್ಟ ಡೋಪಮಿನ್ನನ್ನು ಒಮ್ಮೆಲೇ ಹೊರಕ್ಕೆ ತಳ್ಳುತ್ತವೆ. ಇದು ಪದೇ ಪದೇ ನಡೆದಾಗ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ಡೋಪಮಿನ್ನಿನ ಸಂದೇಶ ಹಿಡಿಯುವ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆಮೇಲೆ ಊಟ, ಹಾಡು, ತಾಯಿಯ ಮಾತು ಯಾವುದೂ ತಾಗುವುದಿಲ್ಲ. ಜೊತೆಗೆ, ದುಡುಕನ್ನು ತಡೆಯುವ ಹಣೆಯ ಹಿಂದಿನ ಭಾಗ ಪೂರ್ತಿಯಾಗಿ ಬಲಿಯುವುದು 25ರ ಆಸುಪಾಸಿನಲ್ಲಿ; 19ರ ಹುಡುಗನಲ್ಲಿ ವೇಗ ಇರುತ್ತದೆ, ಬ್ರೇಕು ಇನ್ನೂ ಕೂಡುತ್ತಿರುತ್ತದೆ.

ನೀವು ಹೇಳಿದ ಗಾಜಿನ ಕೊಳವೆ, ಎರಡು ರಾತ್ರಿಯ ಎಚ್ಚರ, ಒಂದೇ ವಸ್ತುವನ್ನು ಬಿಚ್ಚಿ ಜೋಡಿಸುವ ಗೀಳು, ಆಮೇಲಿನ ಗಾಢ ನಿದ್ದೆ ಇವೆಲ್ಲ ಉತ್ತೇಜಕದ ಕಡೆಗೆ ಬೊಟ್ಟು ಮಾಡುತ್ತವೆ, ನಿಶ್ಚಯಿಸಬೇಕಾದವರು ವೈದ್ಯರು. ಎಂಡಿಎಂಎ ಎಂಬ ಇನ್ನೊಂದು ಮಾದಕವೆಂದು ಮಾರುವ ಹರಳಿನಲ್ಲಿ ಅನೇಕ ವೇಳೆ ಮೆಥಾಂಫೆಟಮಿನ್ ಇರುತ್ತದೆ, ಸೇದುವವನಿಗೂ ಅದು ಗೊತ್ತಿರುವುದಿಲ್ಲ. ಹೃದಯದ ಬಡಿತ, ರಕ್ತದೊತ್ತಡ, ಮೈಯ ಬಿಸಿ ಏರುತ್ತವೆ. ಹಲ್ಲು ಕಡಿಯುವುದರಿಂದಲೂ ಬಾಯಿ ಒಣಗುವುದರಿಂದಲೂ ಹಲ್ಲುಗಳು ಹಾಳಾಗುತ್ತವೆ. ಎಳೆಯ ವಯಸ್ಸಿನವರಿಗೂ ಪಾರ್ಶ್ವವಾಯು ಬರಬಹುದು. ನನಗೆ ಹೆಚ್ಚು ಆತಂಕವಿರುವುದು ಮನಸ್ಸಿನ ಕುರಿತು. ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಎಂಬ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ, ವಾದಿಸಲು ಹೋಗಬೇಡಿ.

ನಿಲ್ಲಿಸಿದ ಮೊದಲ ವಾರದಲ್ಲಿ ಅತಿಯಾದ ನಿದ್ದೆ, ಹಸಿವು, ಆಳವಾದ ಖಿನ್ನತೆ ಬರುತ್ತವೆ. ಸಾಯುವ ಮಾತು ಬಂದರೆ ಅದನ್ನು ನಾಟಕವೆನ್ನದೆ ಅವನ ಬಳಿಯೇ ಇರಿ, ವೈದ್ಯರಿಗೆ ತಿಳಿಸಿ. ಹೆರಾಯಿನ್‌ನಂಥ ಅಫೀಮಿನ ಬಗೆಯವಕ್ಕೆ ಬುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳಿವೆ. ಉತ್ತೇಜಕದ ಚಟಕ್ಕೆ ಅಂಥ ಒಂದು ನಿಶ್ಚಿತ ಔಷಧವಿಲ್ಲದಿರುವುದರಿಂದ ಆಪ್ತಸಮಾಲೋಚನೆ, ದಿನಚರಿ, ನಿದ್ದೆ, ಮನೆಯವರ ತಾಳ್ಮೆ ಇವೇ ಚಿಕಿತ್ಸೆಯ ಮುಖ್ಯ ಭಾಗವಾಗುತ್ತವೆ. ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರ ಮಿದುಳಿನ ಡೋಪಮಿನ್ ವ್ಯವಸ್ಥೆ ಬಹುಮಟ್ಟಿಗೆ ಚೇತರಿಸಿಕೊಂಡದ್ದನ್ನು ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ. ಆದ್ದರಿಂದ ಮೂರನೆಯ ತಿಂಗಳಲ್ಲಿ ಅವನು ಇನ್ನೂ ನಗುತ್ತಿಲ್ಲವೆಂದು ಎದೆಗುಂದಬೇಡಿ.

ಮುಳ್ಳೇರಿಯದ ಒಬ್ಬ ತಂದೆ

ತಂಗೀ, ಕೂಡಿಹಾಕುವ ಮಾತನ್ನು ಮಾತ್ರ ಕೇಳಬೇಡ. ನಾನು ಕೇಳಿದವನು. ನನ್ನ ಮಗ ಗಾಂಜಾ ಸೇದುತ್ತಾನೆಂದಷ್ಟೇ ನನಗೆ ತಿಳಿದಿತ್ತು. ಅದರೊಂದಿಗೆ ದಿನವೂ ಮದ್ಯ, ನಿದ್ದೆಯ ಮಾತ್ರೆ ಇದ್ದದ್ದು ತಿಳಿದಿರಲಿಲ್ಲ. ಅಡಿಕೆ ಒಣಗಿಸಿ ತುಂಬಿಡುವ ಕೋಣೆಯಲ್ಲಿ ಬೀಗ ಹಾಕಿದೆ. ಎರಡನೆಯ ರಾತ್ರಿ ಅವನಿಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದ. ಮದ್ಯವನ್ನೂ ನಿದ್ದೆಯ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಿದೆಯೆಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ಬೀಗದ ಕೈ ಈಗಲೂ ನನ್ನ ಮೇಜಿನಲ್ಲಿದೆ, ಎಸೆಯಲು ಮನಸ್ಸಾಗಿಲ್ಲ.

ಅನಂತರ ಯಾರದೋ ಮಾತು ನಂಬಿ ದೂರದ ಒಂದು ಕೇಂದ್ರಕ್ಕೆ ಸೇರಿಸಿದೆ. ಅಲ್ಲಿ ಹೊಡೆದರು, ರಾತ್ರಿ ಕಾಲಿಗೆ ಸಂಕೋಲೆ ಹಾಕಿದರು. 2017ರ ಮಾನಸಿಕ ಆರೋಗ್ಯ ಕಾನೂನು ವ್ಯಸನವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ, ರೋಗಿಯನ್ನು ಸಂಕೋಲೆಯಲ್ಲಿಡುವುದನ್ನು ನಿಷೇಧಿಸಿದೆ. ಸೇರಿಸುವ ಮೊದಲು ಅಲ್ಲಿ ಮನೋವೈದ್ಯರಿದ್ದಾರೆಯೇ, ನೋಂದಣಿ ಇದೆಯೇ, ಮನೆಯವರು ಭೇಟಿಯಾಗಬಹುದೇ ಎಂದು ಕೇಳು. ಭೇಟಿ ಬೇಡವೆಂದರೆ ಮಗನನ್ನು ಅಲ್ಲಿ ಬಿಡಬೇಡ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದು ನಾನೂ ಹೆದರಿ ತಿಂಗಳುಗಳನ್ನು ಕಳೆದೆ. 1985ರ ಮಾದಕವಸ್ತು ಕಾನೂನಿನ 64ಎ ಸೆಕ್ಷನ್ನಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣವಿದ್ದರೂ, ವ್ಯಸನಿಯು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಪೂರ್ತಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಮಾರಾಟಕ್ಕೆ ಇದು ಅನ್ವಯಿಸದು. ಸೇದುವ ಹುಡುಗರ ಕೈಯಿಂದಲೇ ಮಾರಿಸುವವರಿರುವುದರಿಂದ ತಡ ಮಾಡಬಾರದು ಎನ್ನುತ್ತೇನೆ.

ಮಂಜೇಶ್ವರದ ಒಬ್ಬ ಅಧ್ಯಾಪಕಿ

ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಸಹಾಯವಾಣಿ 14405. ನಮ್ಮ ಜಿಲ್ಲೆಯ ವಿಮುಕ್ತಿ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಈ ಕೊನೆಯದರಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಭಾಷೆಯ ವಿಷಯವನ್ನು ಸಣ್ಣದೆಂದು ಬಿಡಬೇಡಿ. ನಮ್ಮ ಮಕ್ಕಳು ಮಲಯಾಳದಲ್ಲಿ ಪೇಟೆಯ ವ್ಯವಹಾರ ಮಾಡುತ್ತಾರೆ, ಆದರೆ ನಾಚಿಕೆಯ, ನೋವಿನ ಮಾತು ಬರುವುದು ಮನೆಯ ಕನ್ನಡದಲ್ಲಿ, ತುಳುವಿನಲ್ಲಿ. ನನ್ನ ವಿದ್ಯಾರ್ಥಿಯೊಬ್ಬ ಮೂರು ಭೇಟಿಗಳಲ್ಲಿ ಸುಮ್ಮನೆ ಕುಳಿತಿದ್ದವನು ಮಂಗಳೂರಿನಲ್ಲಿ ತುಳು ಬಲ್ಲ ಆಪ್ತಸಮಾಲೋಚಕರ ಎದುರು ಒಂದೂವರೆ ಗಂಟೆ ಮಾತನಾಡಿದ. ಕೊಲ್ಲಿಗೆ ಕಳುಹಿಸುವ ಯೋಚನೆಯನ್ನು ಚಿಕಿತ್ಸೆ ಮುಗಿಯುವವರೆಗೆ ಬದಿಗಿಡಿ. ಅಲ್ಲಿನ ಕಾನೂನುಗಳು ಬಹಳ ಕಠಿಣ.

ಕೇಳಿದ ತಾಯಿ, ಎಂಟು ದಿನಗಳ ಬಳಿಕ

ನಿಮ್ಮೆಲ್ಲರ ಮಾತನ್ನು ಎರಡೆರಡು ಸಲ ಓದಿದೆ. ಮೊನ್ನೆ ಅವನು ಎದ್ದು ಗಂಜಿ ಊಟ ಮಾಡಿದ ಮೇಲೆ, ಅದರಿಂದ ನಿನಗೆ ಏನು ಸಿಗುತ್ತದೆ ಮಗಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತಲೆಯೊಳಗಿನ ಗದ್ದಲ ನಿಲ್ಲುತ್ತದೆ ಎಂದ. ಆ ಗದ್ದಲ ಎಂದಿನಿಂದ ಎಂದು ಕೇಳಿದಾಗ ಅಜ್ಜ ತೀರಿಕೊಂಡ ವರ್ಷವನ್ನು ಹೇಳಿದ. ನನಗೆ ತಿಳಿದೇ ಇರಲಿಲ್ಲ. ಮಂಗಳವಾರ ಮಂಗಳೂರಿನಲ್ಲಿ ವೈದ್ಯರನ್ನು ಕಾಣಲು ಒಪ್ಪಿದ್ದಾನೆ. ಮಾವ ಬರಬಾರದು, ನಾನೊಬ್ಬಳೇ ಬರಬೇಕು ಎಂದಿದ್ದಾನೆ. ಬೆಳಗಿನ ಬಸ್ಸಿಗೆ ಹೊರಡುತ್ತೇವೆ.