ಆಂಟನಿಯ ಡೆನೇರಿಯಸ್: ಪಟ್ರಾಸ್ ಟಂಕಸಾಲೆ ಅನ್ನಲು ಆಧಾರ ಏನು?

ಪ್ರಶ್ನೆ (ಸವಕಲುಪ್ರಿಯ):
ಹರಾಜಿನಲ್ಲಿ ರೋಮನ್ ಸೇನಾನಿ ಮಾರ್ಕ್ ಆಂಟನಿಯ ಡೆನೇರಿಯಸ್ (ರೋಮನ್ ಬೆಳ್ಳಿ ನಾಣ್ಯ) ಒಂದು ತಗೊಂಡೆ. ಒಂದು ಬದಿ ಯುದ್ಧದ ಹಡಗು. ಇನ್ನೊಂದು ಬದಿ ಎರಡು ಧ್ವಜಗಳ ನಡುವೆ ಹದ್ದು, ಕೆಳಗೆ ‘ಲೆಗ್ 6’, ಅಂದರೆ 6ನೇ ಲೀಜನ್ (ಸೇನಾ ದಳ). ತೂಕ 3.4 ಗ್ರಾಂ. ಚೀಟಿಯಲ್ಲಿ ಟಂಕಸಾಲೆ ‘ಪಟ್ರಾಸ್’ (ಗ್ರೀಸ್‌ನ ಊರು) ಅಂತಿದೆ. ಇಂಥದ್ದನ್ನೇ ಬೇರೆ ವ್ಯಾಪಾರಿಯೊಬ್ಬರು ‘ಸೇನೆಯ ಜೊತೆ ಸಾಗುತ್ತಿದ್ದ ಟಂಕಸಾಲೆ’ ಅಂತ ಮಾರುತ್ತಿದ್ದಾರೆ. ನಾಣ್ಯದ ಮೇಲೆ ಊರಿನ ಹೆಸರೇ ಇಲ್ಲ. ಯಾರನ್ನು ನಂಬಲಿ?

ಉತ್ತರ (ಹಳೇಬೆಳ್ಳಿ):
ಸಾರ್, ಕ್ರಿ.ಪೂ. 32–31ರ ಚಳಿಗಾಲ ಆಂಟನಿ ಇದ್ದದ್ದು ಪಟ್ರಾಸ್‌ನಲ್ಲಿ. 31ರ ಸೆಪ್ಟೆಂಬರ್‌ನಲ್ಲಿ ಗ್ರೀಸ್‌ನ ಆಕ್ಟಿಯಂ ಕಡಲ ಯುದ್ಧದಲ್ಲಿ ಸೋತ. ಈ ನಾಣ್ಯ ಆ ಯುದ್ಧಕ್ಕೆ ನಿಂತ ಸೈನಿಕರ ಸಂಬಳ. ಅದಕ್ಕೇ ಪಟ್ರಾಸ್ ಅನ್ನುತ್ತಾರೆ. ಊರು ಬಂದಿರುವುದು ಇತಿಹಾಸದಿಂದ, ನಾಣ್ಯದಿಂದಲ್ಲ. ನಾನಂತೂ ‘ಪಟ್ರಾಸ್?’ ಅಂತಲೇ ಬರೆದಿಡುತ್ತೇನೆ. ಪ್ರಶ್ನಾರ್ಥಕ ಚಿಹ್ನೆ ನುಂಗಿ ಮಾರುವವರನ್ನು ಕಂಡರೆ ನನಗಾಗದು.

ಅದಕ್ಕಿಂತ ಮುಖ್ಯ, ಲೀಜನ್ ಸಂಖ್ಯೆ ಮತ್ತೆ ನೋಡಿ. ಬೆಳ್ಳಿಗೆ ತಾಮ್ರ ಬೆರೆಸಿದ್ದರಿಂದ ಆಗ ಇವನ್ನು ಕೂಡಿಡುವವರು ಕಮ್ಮಿ. ಸುಮಾರು 200 ವರ್ಷ ಕೈಯಿಂದ ಕೈಗೆ ಓಡಾಡಿ ಸವೆದವು. ರೋಮನ್ ಅಂಕಿಯಲ್ಲಿ 6ಕ್ಕೂ 7ಕ್ಕೂ ಒಂದೇ ಗೀಟಿನ ವ್ಯತ್ಯಾಸ, ಅಲ್ವಾ? ಲೂಪ್ (ಭೂತಗನ್ನಡಿ) ಹಿಡಿದು, ದೀಪವನ್ನು ಪಕ್ಕದಿಂದ ಬಿಟ್ಟು, ಕೊನೆಯ ಗೀಟಿನ ಬಲಕ್ಕೆ ಖಾಲಿ ಜಾಗದಲ್ಲಿ ಏನಾದರೂ ಉಬ್ಬು ಇದೆಯಾ ನೋಡಿ.

ಉತ್ತರ (ಅಚ್ಚುಮೆಚ್ಚು):
6 ಅಂದರೆ ಇನ್ನೊಂದು ತೊಡಕಿದೆ. ರೋಮನ್ ಚಕ್ರವರ್ತಿಗಳಾದ ಮಾರ್ಕಸ್ ಆರೇಲಿಯಸ್ ಮತ್ತು ಲೂಸಿಯಸ್ ವೆರಸ್ ಇದೇ ನಾಣ್ಯವನ್ನು 6ನೇ ಲೀಜನ್ ಹೆಸರಲ್ಲೇ ಮತ್ತೆ ಹೊಡೆಸಿದರು. ಅದು ಕ್ರಿ.ಶ. 160ರ ದಶಕದ್ದು, ರೋಮ್‌ನದ್ದು. ಅದರಲ್ಲಿ ಹದ್ದಿನ ಸುತ್ತ ಅಂಚಿನುದ್ದಕ್ಕೂ ಇಬ್ಬರ ಹೆಸರಿರುತ್ತದೆ. ನಿಮ್ಮದರಲ್ಲಿ ಅಂಚು ಬೋಳಾ?

ಸವಕಲುಪ್ರಿಯ:
ಬೋಳು. ಹಡಗಿನ ಮೇಲೆ ‘ಆಂಟ್’ ಅಷ್ಟೇ ಓದೋಕಾಗುತ್ತೆ. 6ರ ಪಕ್ಕ ಉಬ್ಬೇನೂ ಇಲ್ಲ. ಹಾಗಾದರೆ ಯುದ್ಧಕಾಲದ ನಾಣ್ಯಗಳೆಲ್ಲ ಸುಮ್ನೆ ಊಹೆನಾ?

ಹಳೇಬೆಳ್ಳಿ:
ಎಲ್ಲವೂ ಅಲ್ಲ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 193–194ರಲ್ಲಿ ಪಟ್ಟದ ಪ್ರತಿಸ್ಪರ್ಧಿ ಪೆಸೆನ್ನಿಯಸ್ ನೈಗರ್ ಮೇಲೆ ಯುದ್ಧಕ್ಕೆ ಹೋದಾಗ ಪೂರ್ವದಲ್ಲೂ ಡೆನೇರಿಯಸ್ ಹೊಡೆಸಿದ. ಅವುಗಳಲ್ಲಿ ಎಷ್ಟೋ ನಾಣ್ಯಗಳ ಮುಖದ ಬದಿಯಲ್ಲೇ ‘ಕಾಸ್ 2’, ಅಂದರೆ ಎರಡನೇ ಸಲ ಕಾನ್ಸಲ್ (ರೋಮ್‌ನ ಉನ್ನತ ಅಧಿಕಾರಿ) ಅಂತಿರುತ್ತದೆ. ರೋಮ್‌ನಲ್ಲಿ ಆಗ ಮುಖದ ಬದಿಗೆ ಅದನ್ನು ಹಾಕುತ್ತಿರಲಿಲ್ಲ. ಆದ್ದರಿಂದ ಪೂರ್ವದ್ದು ಅನ್ನುವುದು ಗಟ್ಟಿ. ಅದಕ್ಕೆ ಸಿರಿಯಾದ ‘ಎಮೆಸಾ’ ಅಂತ ಊರು ಅಂಟಿಸಿದರೆ ಅಲ್ಲೂ ನನ್ನ ಪ್ರಶ್ನಾರ್ಥಕ ಚಿಹ್ನೆ ಇದ್ದೇ ಇರುತ್ತೆ.